ಉಗಿಬಂಡಿ ಹಿಂದಕ್ಕೆ ಹೋಗೋದು ಹೇಗೆ?



ಬಸ್ಸು ಹಿಂದಕ್ಕೆ ಬರಬೇಕಾದರೆ ಡ್ರೈವರಣ್ಣ ರಿವರ್ಸ್ ಗೇರ್ ಹಾಕುತ್ತಾರೆ. ಉಗಿಬಂಡಿಗೆ ಗೇರೇ ಇಲ್ಲ. ಆದರೂ ಅದು ಮುಂದಕ್ಕೆ ಓಡಿದಷ್ಟೇ ಚೆನ್ನಾಗಿ ಹಿಂದಕ್ಕೂ ಓಡುತ್ತದೆ. ವಿಜ್ಞಾನ ಪ್ರದರ್ಶನಕ್ಕೆ ಉಗಿಬಂಡಿಯ ಮಾದರಿ ಮಾಡ್ತೀವಿ ಅಂತ ನಮ್ಮ ಗುಂಪು ಹೇಳಿದಾಗ ಮೇಷ್ಟ್ರು, "ಮುಂದಕ್ಕೆ ಹೋಗೋದನ್ನ ಎಲ್ಲಾರೂ ತೋರಿಸ್ತಾರೆ. ಹಿಂದಕ್ಕೆ ಹೋಗೋದನ್ನ ತೋರಿಸ್ತೀರೇನ್ರೋ? ತೋರಿಸಿದ್ರೆ ತಾಲ್ಲೂಕಿಗೆ ಕಳಿಸ್ತೀನಿ" ಅಂದರು. ಅದಕ್ಕೇ ಈ ಕೆಲಸ ಶುರುವಾಯಿತು.

ಮೊದಲು ಎಂಜಿನ್ ವಿಷಯ. ಸಿಲಿಂಡರಿನ ಒಳಗೆ ಪಿಸ್ಟನ್ ಇರುತ್ತದೆ. ಉಗಿ ಒಂದು ಸಲ ಈ ಕಡೆಯಿಂದ, ಒಂದು ಸಲ ಆ ಕಡೆಯಿಂದ ಅದನ್ನು ತಳ್ಳುತ್ತದೆ. ಪಿಸ್ಟನ್ನಿಗೆ ಕಟ್ಟಿದ ಸಲಾಕೆ ಗಾಲಿಯ ಗೂಟವನ್ನು ತಿರುಗಿಸುತ್ತದೆ, ಸೈಕಲ್ ಪೆಡಲನ್ನು ಕಾಲು ತಿರುಗಿಸಿದ ಹಾಗೆ. ಈಗ ಆ ಗೂಟ ಗಾಲಿಯ ನೆತ್ತಿಯಲ್ಲಿದೆ ಅನ್ನಿ. ಪಿಸ್ಟನ್ ಮುಂದಕ್ಕೆ ಸರಿದರೆ ಬಂಡಿ ಮುಂದಕ್ಕೆ. ಹಿಂದಕ್ಕೆ ಸರಿದರೆ ಬಂಡಿ ಹಿಂದಕ್ಕೆ. ಅಂದರೆ ಉಗಿಗೆ ಹಿಂದೆ ಮುಂದೆ ಗೊತ್ತಿಲ್ಲ. ಯಾವ ಬಾಗಿಲು ಯಾವಾಗ ತೆಗೆಯುತ್ತದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಆ ಬಾಗಿಲಿನ ಹೆಸರು ವಾಲ್ವ್. ಅದನ್ನು ಆಡಿಸೋದು ಎಕ್ಸೆಂಟ್ರಿಕ್ ಎಂಬ ಬಿಲ್ಲೆ. ಅದರ ತೂತು ನಡುವೆ ಇರುವುದಿಲ್ಲ, ಪಕ್ಕಕ್ಕೆ ಇರುತ್ತದೆ. ಅಚ್ಚಿನ ಜೊತೆ ತಿರುಗುವಾಗ ಬಿಲ್ಲೆಯ ಉಬ್ಬಿದ ಕಡೆ ವಾಲ್ವನ್ನು ತಳ್ಳಿ ಎಳೆಯುತ್ತದೆ. ಈ ಉಬ್ಬು ಗೂಟಕ್ಕಿಂತ ಸುಮಾರು ಕಾಲು ಸುತ್ತು ಮುಂದಿರಬೇಕು. ಆದರೆ ಗಾಲಿ ಹಿಂದಕ್ಕೆ ಹೊರಟರೆ 'ಮುಂದೆ' ಅನ್ನೋದೇ ಆ ಕಡೆ ಆಗಿಬಿಡುತ್ತದಲ್ಲ! ಆಗ ಬಿಲ್ಲೆ ಗೂಟದ ಇನ್ನೊಂದು ಪಕ್ಕಕ್ಕೆ ಬರಬೇಕು, ಅಂದರೆ ಅರ್ಧ ಸುತ್ತು ಜಾರಬೇಕು. ಬಿಲ್ಲೆಯನ್ನು ಅಚ್ಚಿಗೆ ಅಂಟಿಸಿಬಿಟ್ಟರೆ ಹಿಂದಕ್ಕೆ ತಿರುಗಿಸುವಾಗ ಉಗಿ ಪಿಸ್ಟನ್ನಿಗೆ ಎದುರು ನುಗ್ಗುತ್ತದೆ.

ನಮ್ಮ ಮಾದರಿಯಲ್ಲಿ ಗಾಲಿ ರಟ್ಟಿನದು, 12 ಸೆಂ.ಮೀ. ಅಗಲ. ಅಚ್ಚು ಸೈಕಲ್ ಕಡ್ಡಿ. ಗೂಟ ನಡುವಿನಿಂದ 2 ಸೆಂ.ಮೀ. ದೂರ, ಹಾಗಾಗಿ ಪಿಸ್ಟನ್ 4 ಸೆಂ.ಮೀ. ಓಡಾಡುತ್ತದೆ. ಪಿಸ್ಟನ್ ಅಂದರೆ ಬೆಂಕಿಪೊಟ್ಟಣದ ಒಳಗಿನ ಗೂಡು. ಎಕ್ಸೆಂಟ್ರಿಕ್ ಹಳೇ ಹವಾಯಿ ಚಪ್ಪಲಿಯಿಂದ ಕೊಯ್ದದ್ದು; ತೂತು ನಡುವಿನಿಂದ 5 ಮಿ.ಮೀ. ಆಚೆ, ವಾಲ್ವ್ ಓಡಾಟ 10 ಮಿ.ಮೀ. ಈ ಬಿಲ್ಲೆ ಅಚ್ಚಿನ ಮೇಲೆ ಸಡಿಲ. ಅದರ ಉಬ್ಬಿದ ಕಡೆ ಅರ್ಧಚಂದ್ರದ ಹಾಗೆ ರಟ್ಟು ಅಂಟಿಸಿದ್ದೇವೆ. ಗಾಲಿಯಲ್ಲಿ, ಗೂಟದ ಸಾಲಿನಲ್ಲೇ, ಒಂದು ಸಣ್ಣ ಮೊಳೆ. ಮುಂದಕ್ಕೆ ತಿರುಗಿಸಿದರೆ ಮೊಳೆ ಅರ್ಧಚಂದ್ರದ ಒಂದು ತುದಿಯನ್ನು ತಳ್ಳುತ್ತದೆ. ಹಿಂದಕ್ಕೆ ತಿರುಗಿಸಿದರೆ ಮೊಳೆ ಅರ್ಧ ಸುತ್ತು ಸುಮ್ಮನೆ ಹೋಗಿ ಇನ್ನೊಂದು ತುದಿಗೆ ತಾಗುತ್ತದೆ. ಅಷ್ಟೊತ್ತಿಗೆ ಬಾಗಿಲಿನ ಲೆಕ್ಕ ತಾನಾಗೇ ಬದಲಾಗಿರುತ್ತದೆ. ಉಗಿ ಬರುವ ದಾರಿಗೆ ಕೆಂಪು ಕಾಗದ, ಹೊರಗೆ ಹೋಗುವ ದಾರಿಗೆ ನೀಲಿ.

ನಿಜವಾದ ಉಗಿ ಯಾಕಿಲ್ಲ ಅಂತ ಆರನೇ ತರಗತಿಯವರು ಕೇಳ್ತಾ ಇದ್ದರು. ಒಂದು ಲೋಟ ನೀರು ಕುದಿದರೆ 1,600 ಲೋಟಕ್ಕಿಂತ ಹೆಚ್ಚು ಉಗಿ ಆಗುತ್ತದೆ. ಮುಚ್ಚಳ ಬಿಗಿದ ಡಬ್ಬಿಯನ್ನು ಒಲೆ ಮೇಲೆ ಇಟ್ಟರೆ ಅದು ಸಿಡಿದು ಕಣ್ಣೇ ಹೋದೀತು. ಯಾರೂ ಮನೆಯಲ್ಲಿ ಮಾಡಬೇಡಿ.

ಇಂಥ ಜಾರುವ ಬಿಲ್ಲೆ ಆಟಿಕೆಯ ಬಂಡಿಗೆ ಸರಿ, ಕೈಯಿಂದ ಒಂಚೂರು ಹಿಂದಕ್ಕೆ ತಳ್ಳಿದರೆ ಸಾಕು. ದೊಡ್ಡ ಬಂಡಿಯನ್ನು ತಳ್ಳೋರು ಯಾರು? 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್ ಪಂದ್ಯ ಗೆದ್ದ 'ರಾಕೆಟ್' ಎಂಜಿನ್ನಿನಲ್ಲೂ ಬಿಲ್ಲೆಗಳು ಅಚ್ಚಿನ ಮೇಲೆ ಸಡಿಲವಾಗಿದ್ದವು; ಚಾಲಕ ಕಾಲಿನಿಂದ ಪೆಡಲ್ ಒತ್ತಿ ಅವನ್ನು ಸರಿಸುತ್ತಿದ್ದ. 1842ರಲ್ಲಿ ನ್ಯೂಕ್ಯಾಸಲ್ ಊರಿನ ಸ್ಟೀಫನ್‌ಸನ್ ಕಾರ್ಖಾನೆಯಲ್ಲಿ ಇನ್ನೂ ಒಳ್ಳೆ ಉಪಾಯ ಬಂತು. ಮುಂದಕ್ಕೊಂದು, ಹಿಂದಕ್ಕೊಂದು, ಹೀಗೆ ಎರಡು ಬಿಲ್ಲೆ. ಎರಡರ ಕೋಲುಗಳನ್ನೂ ಬಾಗಿದ ಒಂದು ಪಟ್ಟಿಯ ಎರಡು ತುದಿಗೆ ಸೇರಿಸಿದರು. ಸನ್ನೆಕೋಲಿನಿಂದ ಪಟ್ಟಿಯನ್ನು ಎತ್ತಿದರೆ ಒಂದು ಬಿಲ್ಲೆ ವಾಲ್ವನ್ನು ಆಳುತ್ತದೆ, ಇಳಿಸಿದರೆ ಇನ್ನೊಂದು. ನಡುವಿಗೆ ಹತ್ತಿರ ನಿಲ್ಲಿಸಿದರೆ ಬಾಗಿಲು ಬೇಗ ಮುಚ್ಚಿ, ಒಳಗಿದ್ದ ಉಗಿಯೇ ಹಿಗ್ಗಿ ತಳ್ಳುತ್ತದೆ; ಕಲ್ಲಿದ್ದಲು ಉಳಿತಾಯ. ಇದನ್ನು ಮಾಡಿದವರು ಅಲ್ಲಿ ಕೆಲಸಕ್ಕಿದ್ದ ವಿಲಿಯಂ ವಿಲಿಯಮ್ಸ್ ಮತ್ತು ವಿಲಿಯಂ ಹೌ. ಹೆಸರು ಮಾತ್ರ 'ಸ್ಟೀಫನ್‌ಸನ್ ಲಿಂಕ್' ಅಂತ ಯಜಮಾನರದ್ದಾಯಿತು. ನನಗಂತೂ ಇದು ಸರಿ ಕಾಣಲಿಲ್ಲ.

ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದವರು ಉಗಿ ಎಂಜಿನ್ನಿನ ಮುಂದೆ ಫೋಟೋ ತೆಗೆಸಿಕೊಂಡು ಬರಬೇಡಿ, ಗಾಲಿ ಪಕ್ಕದ ಸಲಾಕೆಗಳನ್ನೂ ನೋಡಿ.

ನಮ್ಮ ಮಾದರಿ ಏಳನೇ ತರಗತಿಯ ಬೀರುವಿನ ಮೇಲಿದೆ. ಮೇಷ್ಟ್ರು ಶನಿವಾರ ನೋಡ್ತಾರೆ. ಅಲ್ಲೀತನಕ ನೀವೂ ತಿರುಗಿಸಿ ನೋಡಬಹುದು, ಆದರೆ ಮೆಲ್ಲಗೆ. ಮೊಳೆ ಇರೋದು ರಟ್ಟಿನಲ್ಲಿ.