ಗುಡ್ಡದ ಮೇಲಿನ ಹುಚ್ಚು ಅರಮನೆ... ಅಲ್ಲೊಬ್ಬಳು ನಗೆರಾಣಿ!

ಹಾಲಿವುಡ್ ತಾರೆಯರ ಬಂಗಲೆಗಳನ್ನು ಕಂಡು ನಾವು ಬಾಯಿ ಬಿಡ್ತೀವಿ. ಆ ತಾರೆಯರೇ ಬಾಯಿ ಬಿಟ್ಟು ನೋಡಿದ ಮನೆಯೊಂದಿದೆ, ಗೊತ್ತೇ? ಲಾಸ್ ಏಂಜಲೀಸ್‌ಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಹೆಚ್ಚುಕಡಿಮೆ ನಡುವೆ, ಕಡಲ ಪಕ್ಕದ ಸ್ಯಾನ್ ಸಿಮಿಯನ್ ಗುಡ್ಡದ ಮೇಲೆ. ಹೆಸರು ಹರ್ಸ್ಟ್ ಕ್ಯಾಸಲ್. ಬೆಳಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ನೋಡಿ, ರಾತ್ರಿಗೆ ವಾಪಸಾಗಬಹುದು.

ಬನ್ನಿ, ಹೋಗೋಣ!

ಗುಡ್ಡದ ಬುಡದಲ್ಲಿ ಟಿಕೆಟ್. ಅಲ್ಲಿಂದ ಮೇಲಕ್ಕೆ ಬಸ್ಸು. ದಾರಿ ಪಕ್ಕದ ಹುಲ್ಲಿನಲ್ಲಿ ದನಗಳ ಜತೆ ಜೀಬ್ರಾ ಮೇಯ್ತಾ ಇದ್ದರೆ ಗಾಬರಿ ಬೇಡ. ಈ ಮನೆಯ ಯಜಮಾನ ಸ್ವಂತ ಮೃಗಾಲಯ ಇಟ್ಟಿದ್ದ ಆಸಾಮಿ. ಇವು ಅದರ ಪಳೆಯುಳಿಕೆ!

ಯಜಮಾನ ಯಾರು? ಪತ್ರಿಕೆಗಳ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್. 1919ರಲ್ಲಿ ಜೂಲಿಯಾ ಮಾರ್ಗನ್ ಎಂಬ ಮಹಿಳಾ ವಾಸ್ತುಶಿಲ್ಪಿಯನ್ನು ಕರೆಸಿ, ಸಣ್ಣದೊಂದು ಮನೆ ಬೇಕು ಅಂದ. ಆ ‘ಸಣ್ಣ ಮನೆ’ಯ ಕೆಲಸ 1947ರ ತನಕ ನಡೆಯಿತು. 165 ಕೋಣೆಗಳಾದರೂ ಮುಗಿಯಲಿಲ್ಲ! ಕಟ್ಟಿಸೋದು, ಇಷ್ಟವಾಗದಿದ್ದರೆ ಕೆಡವಿಸೋದು. ನೆಪ್ಚೂನ್ ಈಜುಕೊಳವೊಂದನ್ನೇ ಮೂರು ಸಲ ಬದಲಿಸಿದ. ‘ಸ್ಪಾರ್ಟಕಸ್’ (1960) ಚಿತ್ರದಲ್ಲಿ ರೋಮನ್ ಶ್ರೀಮಂತನ ಮನೆಯಾಗಿ ಕಾಣೋದು ಇದೇ ಜಾಗ.

ಊಟದ ಮನೆಗೆ ಬನ್ನಿ. ಯೂರೋಪಿನ ಹಳೇ ಚರ್ಚುಗಳ ಪೀಠಗಳು ಗೋಡೆಗೆ, ಬೆಳ್ಳಿ ದೀಪಸ್ತಂಭಗಳು ಮೇಜಿಗೆ. ನಡುವೆ ಏನು ಅಂತೀರಿ? ಟೊಮ್ಯಾಟೊ ಸಾಸ್ ಬಾಟಲು! ಕೈ ಒರೆಸಲು ಕಾಗದ! ಈ ಮೇಜಿನಲ್ಲಿ ಚಾಪ್ಲಿನ್ ಕೂತಿದ್ದಾನೆ, ಕ್ಯಾರಿ ಗ್ರಾಂಟ್ ಕೂತಿದ್ದಾನೆ. ಊಟವಾದ ಮೇಲೆ ಮನೆಯೊಳಗಿನ ಥಿಯೇಟರಿನಲ್ಲಿ ಸಿನಿಮಾ.

ಅತಿಥಿಗಳನ್ನು ನಗಿಸುತ್ತಾ ಓಡಾಡುತ್ತಿದ್ದವಳು ಮಾರಿಯನ್ ಡೇವಿಸ್.

ಪ್ರೀತಿಯೋ? ಪಂಜರವೋ?

ಹರ್ಸ್ಟ್‌ಗೆ ಹೆಂಡತಿ ಇದ್ದಳು. ವಿಚ್ಛೇದನ ಆಗಲೇ ಇಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಅವನ ಜತೆ ಬಾಳಿದವಳು ನಟಿ ಮಾರಿಯನ್. ಹಾಸ್ಯ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಹರ್ಸ್ಟ್‌ಗೆ ಅವಳನ್ನು ರಾಣಿ ವೇಷದಲ್ಲಿ, ಗಂಭೀರ ಪಾತ್ರದಲ್ಲಿ ನೋಡೋ ಚಪಲ. ‘ಷೋ ಪೀಪಲ್’ (1928) ಚಿತ್ರದಲ್ಲಿ ಅವಳ ಮುಖಕ್ಕೆ ಕ್ರೀಮು ತಿಂಡಿ ಎಸೆಯೋ ದೃಶ್ಯಕ್ಕೆ ಬಿಲ್‌ಕುಲ್ ಒಪ್ಪಲಿಲ್ಲ. ಕೊನೆಗೆ ನೀರು ಎರಚಿ ಸುಧಾರಿಸಿದರು!

1937ರಲ್ಲಿ ಹರ್ಸ್ಟ್ ಸಾಲದಲ್ಲಿ ಮುಳುಗಿದ. ಆಗ ಕೈ ಹಿಡಿದವಳು ಯಾರು? ಮಾರಿಯನ್ನೇ! ತನ್ನ ಆಸ್ತಿ ಕರಗಿಸಿ ಹತ್ತು ಲಕ್ಷ ಡಾಲರ್ ಕೊಟ್ಟಳು. ದುಡ್ಡಿಗಾಗಿ ಅಂಟಿಕೊಂಡವಳು ಅಂತ ಆಡಿಕೊಂಡ ಬಾಯಿಗಳಿಗೆ ಇದಕ್ಕಿಂತ ಉತ್ತರ ಬೇಕೆ?

1941ರಲ್ಲಿ ಬಂತು ‘ಸಿಟಿಜನ್ ಕೇನ್’. ನಿರ್ದೇಶಕ, ನಾಯಕ ಆರ್ಸನ್ ವೆಲ್ಸ್, ಇಪ್ಪತ್ತೈದರ ಹುಡುಗ. ಪತ್ರಿಕಾ ದೊರೆ, ಬೆಟ್ಟದಂಥ ಅರಮನೆ, ಪ್ರತಿಭೆಯಿಲ್ಲದೆ ಬಲವಂತಕ್ಕೆ ಹಾಡುವ ಪ್ರೇಯಸಿ... ಊರಿಗೆಲ್ಲ ಅರ್ಥವಾಯಿತು. ಚಿತ್ರಕಥೆಯಲ್ಲಿ ಕೈಜೋಡಿಸಿದ ಮ್ಯಾಂಕಿವಿಚ್ ಇದೇ ಮನೆಯಲ್ಲಿ ಉಂಡು ಹೋದವನು! ಹರ್ಸ್ಟ್ ಪತ್ರಿಕೆಗಳು ಚಿತ್ರದ ಜಾಹೀರಾತನ್ನೇ ನಿರಾಕರಿಸಿದವು. ಆದರೂ ಚಿತ್ರ ಗೆದ್ದಿತು, ಜಗತ್ತಿನ ಶ್ರೇಷ್ಠ ಚಿತ್ರಗಳ ಸಾಲಿಗೆ ಸೇರಿತು.

ಸೋತವಳು ಮಾರಿಯನ್. ಅವಳ ಸಿನಿಮಾ ನೋಡದ ತಲೆಮಾರು ಕೂಡ ತೆರೆಯ ಮೇಲಿನ ಆ ದಡ್ಡ ಗಾಯಕಿಯೇ ಮಾರಿಯನ್ ಅಂದುಕೊಂಡಿತು. 1951ರಲ್ಲಿ ಹರ್ಸ್ಟ್ ತೀರಿಕೊಂಡ. ಶವಸಂಸ್ಕಾರದಲ್ಲಿ ಅವಳಿಗೆ ಜಾಗವಿರಲಿಲ್ಲ. 1961ರಲ್ಲಿ ಅವಳೂ ಹೋದಳು. 1975ರಲ್ಲಿ ಅವಳ ನೆನಪುಗಳ ಪುಸ್ತಕ ಹೊರಬಂತು. ಮುನ್ನುಡಿ ಬರೆದವನು ಅದೇ ವೆಲ್ಸ್! ಆ ಪಾತ್ರ ಮಾರಿಯನ್ ಅಲ್ಲ, ಆಕೆ ಅಪ್ಪಟ ಹಾಸ್ಯನಟಿ ಎಂದು ಒಪ್ಪಿಕೊಂಡ. ಕೇಳಲು ಅವಳೇ ಇರಲಿಲ್ಲ.

ಸಂಜೆ ಬಸ್ಸು ಇಳಿಯೋ ಮುಂಚೆ ಆ ಥಿಯೇಟರಿನಲ್ಲಿ ಒಂದು ಗಳಿಗೆ ನಿಲ್ಲಿ. 2015ರಲ್ಲಿ ಇಲ್ಲೇ ‘ಸಿಟಿಜನ್ ಕೇನ್’ ತೋರಿಸಿದರು. ಹಗೆ ಮುಗಿಯಿತು ಅನ್ನೋಣ. ಆದರೆ ಮನೆಗೆ ಬಂದ ಮೇಲೆ ನೀವು ‘ಷೋ ಪೀಪಲ್’ ನೋಡಿ. ಹಾಸ್ಯ ಬಿಟ್ಟು ಗಂಭೀರ ತಾರೆಯಾಗಲು ಹೋಗಿ ಪೇಚಿಗೆ ಸಿಗುವ ಹುಡುಗಿಯ ಕಥೆ. ಮಾರಿಯನ್ ತನ್ನ ಕಥೆಯನ್ನೇ ನಗುನಗುತ್ತಾ ಹೇಳಿಬಿಟ್ಟಿದ್ದಾಳೆ, ಒಂದೂ ಮಾತಾಡದೆ. ಅದು ಮೂಕಿಚಿತ್ರ!