ಅಭಯವೇ ಆರೋಗ್ಯ

ನಮ್ಮ ನಗರಗಳ ಅನೇಕ ಮನೆಗಳಲ್ಲಿ ಇಂದು ಮೊಲವು ಸಾಕುಪ್ರಾಣಿಯಾಗಿ ನೆಲೆಸಿದೆ. ಸದ್ದುಗದ್ದಲವಿಲ್ಲದ, ಮೃದುರೋಮದ ಈ ಪ್ರಾಣಿಯನ್ನು ಕಂಡು ಮಕ್ಕಳು ಹಂಬಲಿಸುವುದೂ, ಅವರ ಹಂಬಲಕ್ಕೆ ಮಣಿದ ಹಿರಿಯರು ಒಂದು ತಂತಿಯ ಗೂಡನ್ನೂ ಒಂದಿಷ್ಟು ಗಜ್ಜರಿಯನ್ನೂ ತಂದಿಟ್ಟು ತಮ್ಮ ಕರ್ತವ್ಯವು ಮುಗಿಯಿತೆಂದು ಭಾವಿಸುವುದೂ ಸಾಮಾನ್ಯವಾದ ಸಂಗತಿ. ಎಂಟರಿಂದ ಹನ್ನೆರಡು ವರ್ಷಗಳವರೆಗೆ ಬಾಳಬಲ್ಲ ಈ ಜೀವಿಯು ಅಂತಹ ಗೂಡಿನಲ್ಲಿ ಅಕಾಲದಲ್ಲಿಯೇ ಅಳಿಯುವುದುಂಟು. ಅದು ಅಸ್ವಸ್ಥವಾಗಿದ್ದುದು ಕೊನೆಯ ದಿನದವರೆಗೂ ಯಾರ ಗಮನಕ್ಕೂ ಬಂದಿರುವುದಿಲ್ಲ. ಇದರ ಕಾರಣವನ್ನು ಅರಿಯಬಯಸುವವರು ಮೊಲದ ಜೀರ್ಣಕ್ರಿಯೆಯನ್ನೂ ಅದರ ಭಯವನ್ನೂ ಒಟ್ಟಿಗೆ ತಿಳಿಯಬೇಕು. ಏಕೆಂದರೆ ಈ ಪ್ರಾಣಿಯಲ್ಲಿ ಮನಸ್ಸಿನ ಕಳವಳವು ನೇರವಾಗಿ ಕರುಳಿನ ರೋಗವಾಗಿ ಪರಿಣಮಿಸುತ್ತದೆ.

ನಾವು ಸಾಕುವ ಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್ ದೇಶಗಳ ಹುಲ್ಲುಗಾವಲುಗಳಲ್ಲಿ ಬಿಲಗಳನ್ನು ತೋಡಿ ಗುಂಪುಗೂಡಿ ಬಾಳಿದವು. ನಮ್ಮ ಹೊಲ ಕುರುಚಲು ಕಾಡುಗಳ ಮೊಲವು ಬೇರೊಂದು ಕುಲಕ್ಕೆ ಸೇರಿದುದು; ಅದು ಬಿಲವನ್ನು ತೋಡುವುದಿಲ್ಲ, ಅದರ ಮರಿಗಳು ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ, ಅದನ್ನು ಹಿಡಿದು ತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಸಾಕುಮೊಲದ ಮರಿಗಳಾದರೋ ಸುಮಾರು 31 ದಿನಗಳ ಗರ್ಭವಾಸದ ತರುವಾಯ ರೋಮವಿಲ್ಲದೆ, ಕಣ್ಣು ಮುಚ್ಚಿದ ಸ್ಥಿತಿಯಲ್ಲಿ, ಬಿಲದ ರಕ್ಷಣೆಯನ್ನೇ ನಂಬಿ ಜನಿಸತಕ್ಕವು. ಹದ್ದು, ನರಿ, ಮುಂಗುಸಿಗಳೆಲ್ಲಕ್ಕೂ ಆಹಾರವಾಗಿದ್ದ ಈ ವಂಶದಿಂದ ಅವಕ್ಕೆ ಎರಡು ಸಂಪತ್ತುಗಳು ಬಂದಿವೆ: ಸತ್ತ್ವಹೀನವಾದ ಹುಲ್ಲಿನಿಂದಲೂ ಸಾರವನ್ನು ಹೀರಬಲ್ಲ ಜೀರ್ಣಾಂಗ ಮತ್ತು ಎಂದಿಗೂ ನಿದ್ರಿಸದ ಎಚ್ಚರ.

ಮೊದಲು ಹಲ್ಲುಗಳನ್ನು ನೋಡೋಣ. ಬಹುಕಾಲ ಇಲಿ ಅಳಿಲುಗಳ ಗಣದಲ್ಲಿಯೇ ಎಣಿಸಲ್ಪಟ್ಟಿದ್ದ ಮೊಲವನ್ನು 1912ರಲ್ಲಿ ಅಮೆರಿಕದ ವಿಜ್ಞಾನಿ ಗಿಡ್ಲಿ ಎಂಬುವರು ಪ್ರತ್ಯೇಕ ಗಣವಾಗಿ ಬೇರ್ಪಡಿಸಿದರು. ಮೇಲಿನ ಬಾಚಿಹಲ್ಲುಗಳ ಹಿಂದೆ ಅಡಗಿರುವ ಇನ್ನೊಂದು ಜೊತೆ ಸಣ್ಣ ಹಲ್ಲುಗಳು ಈ ಗಣದ ಮುಖ್ಯ ಲಕ್ಷಣ. ಒಟ್ಟು 28 ಹಲ್ಲುಗಳೂ ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ. ಒರಟಾದ ಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡಲಾಗಿ ಅರೆಯುವುದರಿಂದ ಮಾತ್ರ ಈ ಬೆಳವಣಿಗೆ ಸವೆದು ಸಮವಾಗುತ್ತದೆ. ಮೆತ್ತನೆಯ ತಿನಿಸನ್ನೇ ತಿಂದ ಮೊಲದ ದವಡೆಹಲ್ಲುಗಳಲ್ಲಿ ಚೂಪಾದ ಅಂಚುಗಳು ಮೂಡಿ, ನಾಲಗೆಯನ್ನೂ ಕೆನ್ನೆಯ ಒಳಭಾಗವನ್ನೂ ಕೊರೆದು, ಹಸಿವಿದ್ದರೂ ಬಾಯಾಡಿಸಲಾರದ ದುಃಸ್ಥಿತಿಯನ್ನು ತರುತ್ತವೆ.

ಹೀಗೆ ಅರೆಯಲ್ಪಟ್ಟ ಹುಲ್ಲಿಗೆ ಕರುಳಿನಲ್ಲಿ ಆಗುವ ಸಂಸ್ಕಾರವು ಇನ್ನೂ ವಿಸ್ಮಯಕರವಾದುದು. ದೊಡ್ಡ ನಾರಿನ ತುಣುಕುಗಳು ಬೇಗನೆ ಮುಂದೆ ಸಾಗಿ, ನಾವು ನಿತ್ಯ ಕಾಣುವ ಗಟ್ಟಿಯಾದ ಹಿಕ್ಕೆಗಳಾಗಿ ಹೊರಬೀಳುತ್ತವೆ. ಸೂಕ್ಷ್ಮವಾದ ಕಣಗಳನ್ನೂ ದ್ರವವನ್ನೂ ದೊಡ್ಡ ಕರುಳು ಹಿಮ್ಮುಖವಾಗಿ ತಳ್ಳಿ, ಒಂದು ತುದಿ ಮುಚ್ಚಿದ ಚೀಲದಂತಿರುವ ಅಂಧಾಂತ್ರಕ್ಕೆ ಸೇರಿಸುತ್ತದೆ. ಜೀರ್ಣಾಂಗಗಳಲ್ಲೆಲ್ಲ ಅತಿ ದೊಡ್ಡದಾದ ಈ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಆ ಕಣಗಳನ್ನು ಹುದುಗಿಸಿ, ಸಸಾರಜನಕವೂ ಬಿ ವರ್ಗದ ಜೀವಸತ್ತ್ವಗಳೂ ತುಂಬಿದ ಮೆತ್ತನೆಯ ಸಣ್ಣ ಗೊಂಚಲುಗಳನ್ನು ಸಿದ್ಧಪಡಿಸುತ್ತವೆ. ಮೊಲವು ಇವನ್ನು ನೆಲಕ್ಕೆ ಬೀಳಗೊಡದೆ ಗುದದ್ವಾರದಿಂದಲೇ ಬಾಯಿಗೆ ತೆಗೆದುಕೊಂಡು ನುಂಗಿ, ಎರಡನೆಯ ಬಾರಿ ಜೀರ್ಣಿಸಿಕೊಳ್ಳುತ್ತದೆ. ಇದನ್ನು ಕಂಡು ಹೇಸಿಕೊಂಡು ತಡೆಯುವವರು ತಿಳಿಯದೆಯೇ ಅದರ ಪೋಷಣೆಯನ್ನು ಕಸಿದುಕೊಂಡಂತಾಗುವುದು.

ಆದುದರಿಂದ ಮೊಲದ ಊಟವೆಂದರೆ ಪ್ರಧಾನವಾಗಿ ಹುಲ್ಲು. ಒಣಹುಲ್ಲು, ಗರಿಕೆ, ನೇಪಿಯರ್ ಹುಲ್ಲುಗಳಲ್ಲಿ ದೊರೆತುದು ಹಗಲಿರುಳೂ ಅದರ ಬಾಯಿಗೆ ಎಟಕುವಂತಿರಬೇಕು. ಕೊತ್ತಂಬರಿಯಂತಹ ಸೊಪ್ಪನ್ನು ಚೆನ್ನಾಗಿ ತೊಳೆದು ಒಂದು ಹಿಡಿ ಕೊಡಬಹುದು. ಕುದುರೆಮೆಂತೆಯು ಬೆಳೆಯುವ ಮರಿಗಳಿಗೆ ಹಿತವಾದರೂ ವಯಸ್ಕ ಮೊಲಕ್ಕೆ ಮಿತವಾಗಿರತಕ್ಕದ್ದು. ಏಕೆಂದರೆ ಮೊಲದ ದೇಹವು ಆಹಾರದ ಸುಣ್ಣದಂಶವನ್ನು ಧಾರಾಳವಾಗಿ ಹೀರಿ, ಹೆಚ್ಚಾದುದನ್ನು ಮೂತ್ರದ ಮೂಲಕ ಹೊರಹಾಕುವುದರಿಂದ, ಅತಿಯಾದಾಗ ಮೂತ್ರಕೋಶದಲ್ಲಿ ಮಡ್ಡಿಯೂ ಕಲ್ಲೂ ಕಟ್ಟುವ ಸಂಭವವುಂಟು. ಗಜ್ಜರಿ, ಬಾಳೆಹಣ್ಣುಗಳು ಬೆರಳಿನ ತುದಿಯಷ್ಟು ಸಾಕು. ಬ್ರೆಡ್ಡು, ಬಿಸ್ಕತ್ತು, ಅನ್ನಗಳ ಪಿಷ್ಟವು ಅಂಧಾಂತ್ರದ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸುವುದರಿಂದ ಅವು ಸರ್ವಥಾ ವರ್ಜ್ಯ.

ಈ ಕರುಳು ನಿರಂತರವಾಗಿ ಚಲಿಸುತ್ತಲೇ ಇರಬೇಕಾದ ಯಂತ್ರ. ಅದರ ಚಲನೆಯನ್ನು ನಿಲ್ಲಿಸುವ ಕಾರಣಗಳಲ್ಲಿ ನಾರಿನ ಕೊರತೆಯಷ್ಟೇ ಪ್ರಬಲವಾದುದು ಭೀತಿ. ನಾಯಿಯ ಬೊಗಳಿಕೆ, ಪಟಾಕಿಯ ಸದ್ದು, ದೂರದ ಪ್ರಯಾಣ, ಜೊತೆಗಾರನ ಮರಣ, ಇವುಗಳಿಂದ ಕದಡಿದ ಮೊಲದ ದೇಹವು ರಕ್ತವನ್ನು ಓಟದ ಸ್ನಾಯುಗಳಿಗೆ ಹರಿಸಿ ಕರುಳನ್ನು ಸ್ತಬ್ಧಗೊಳಿಸುತ್ತದೆ. ಕರುಳು ನಿಂತಾಗ ವಾಯು ತುಂಬುತ್ತದೆ, ನೋವು ಹೆಚ್ಚುತ್ತದೆ, ನೋವಿನಿಂದ ಆಹಾರವು ರುಚಿಸದು, ಆಹಾರವಿಲ್ಲದೆ ಕರುಳು ಮತ್ತಷ್ಟು ಜಡವಾಗುವುದು. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಹನ್ನೆರಡು ಗಂಟೆಗಳ ಕಾಲ ಅದು ಏನನ್ನೂ ತಿನ್ನದಿದ್ದರೆ, ಅಥವಾ ಹಿಕ್ಕೆಗಳು ಕಿರಿದಾಗಿ ನಿಂತೇಹೋದರೆ, ನಾಳೆ ನೋಡೋಣವೆಂದು ಕಾಯದೆ, ಮೊಲಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು. ಮನೆಯಲ್ಲಿರುವ ಮಾತ್ರೆಯನ್ನು ಪುಡಿಮಾಡಿ ಕುಡಿಸುವುದು ಮಹಾಪಾಯ. ಮನುಷ್ಯರಿಗೆ ನಿತ್ಯಪರಿಚಿತವಾದ ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಒಳಹೊಕ್ಕರೆ ಹಿತಕರವಾದ ಸೂಕ್ಷ್ಮಜೀವಿಗಳನ್ನು ನಾಶಗೊಳಿಸಿ, ವಿಷಕಾರಿಗಳನ್ನು ಹೆಚ್ಚಿಸಿ, ಮೊಲವನ್ನು ಕೊಲ್ಲಬಲ್ಲುದು.

ಬೇಟೆಯಾಗುವ ಪ್ರಾಣಿಯು ತನ್ನ ದೌರ್ಬಲ್ಯವನ್ನು ಬಚ್ಚಿಡುತ್ತದೆ. ಆದುದರಿಂದ ಅದರ ಮೌನವನ್ನು ಸೌಖ್ಯವೆಂದು ಎಣಿಸಲಾಗದು. ಮೈ ಮುದುಡಿ ಮೂಲೆ ಹಿಡಿದು, ಹಲ್ಲುಗಳನ್ನು ಗಟ್ಟಿಯಾಗಿ ಕಡಿಯುತ್ತಿದ್ದರೆ ಅದು ವೇದನೆಯ ಗುರುತು. ನೇವರಿಸುವಾಗ ಕೇಳಿಬರುವ ಹಲ್ಲಿನ ಮೆಲುಸದ್ದು ತೃಪ್ತಿಯ ಗುರುತು. ಹಿಂಗಾಲನ್ನು ನೆಲಕ್ಕೆ ಬಡಿಯುವುದು ಅಪಾಯದ ಸೂಚನೆ, ಗಾಳಿಗೆ ನೆಗೆದು ಮೈ ತಿರುಚುವುದು ಹರ್ಷದ ಕುಣಿತ. ಅಂಗಾತ ಮಲಗಿಸಿದಾಗ ಮೊಲವು ನಿಶ್ಚಲವಾಗುವುದನ್ನು ಕೆಲವರು ನೆಮ್ಮದಿಯೆಂದು ತಿಳಿಯುತ್ತಾರೆ; ವಸ್ತುತಃ ಅದು ವೈರಿಯ ಹಿಡಿತಕ್ಕೆ ಸಿಕ್ಕಿದ ಪ್ರಾಣಿಯ ಭಯಸ್ತಂಭನ. ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ಮೊಲದ ಅಸ್ಥಿಪಂಜರವು ದೇಹತೂಕದ ನೂರರಲ್ಲಿ ಎಂಟು ಭಾಗದಷ್ಟೇ ಇದ್ದು, ಹಿಂಗಾಲುಗಳ ಸ್ನಾಯುಗಳು ಬಲಿಷ್ಠವಾಗಿರುವುದರಿಂದ, ಕೈಯಲ್ಲಿ ಒದೆದಾಡಿದಾಗ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಹುದು. ಎತ್ತಲೇಬೇಕಾದಾಗ ಒಂದು ಕೈ ಎದೆಗೂ ಇನ್ನೊಂದು ಕೈ ಹಿಂಭಾಗಕ್ಕೂ ಆಧಾರವಾಗಿರಲಿ.

ಸ್ನೇಹವನ್ನು ಗಳಿಸಲು ನೆಲದ ಮೇಲೆ ಕುಳಿತುಕೊಳ್ಳುವುದೇ ಉತ್ತಮ ಮಾರ್ಗ. ಸುತ್ತಲೂ ನೋಡಬಲ್ಲ ಮೊಲದ ಕಣ್ಣುಗಳಿಗೆ ತನ್ನ ಮೂಗಿನ ಮುಂದಿರುವುದು ಮಾತ್ರ ಕಾಣಿಸದು. ಅಲ್ಲಿಗೆ ಕೈ ಚಾಚಿದರೆ ಬೆಚ್ಚುವುದು, ಹಣೆಯನ್ನು ಮೆಲ್ಲನೆ ನೇವರಿಸಿದರೆ ನಂಬುವುದು. ತಾನಾಗಿಯೇ ಬಂದು ಗದ್ದವನ್ನು ಉಜ್ಜಿದರೆ, ಅಲ್ಲಿರುವ ಗಂಧಗ್ರಂಥಿಯಿಂದ ತನ್ನ ಪರಿಸರದ ವಸ್ತುವೆಂಬ ಮುದ್ರೆಯನ್ನು ಒತ್ತಿತೆಂದು ಅರ್ಥ. ಆದರೂ ಮನುಷ್ಯನ ಒಡನಾಟವು ಸ್ವಜಾತಿಯ ಸಂಗಕ್ಕೆ ಸಾಟಿಯಾಗದು. ಸಂತಾನಹರಣ ಶಸ್ತ್ರಚಿಕಿತ್ಸೆಗೊಳಗಾದ ಒಂದು ಗಂಡು, ಒಂದು ಹೆಣ್ಣು ಬಹಳ ಅನುಕೂಲವಾದ ಜೋಡಿ. ಅವುಗಳನ್ನು ಮೊದಲು ಜಾಲರಿಯ ಎರಡು ಬದಿಗಳಲ್ಲಿರಿಸಿ, ಬಳಿಕ ಎರಡಕ್ಕೂ ಹೊಸದಾದ ಸ್ಥಳದಲ್ಲಿ, ಕಣ್ಣೆದುರಿನಲ್ಲಿಯೇ ಕೂಡಿಸಬೇಕು. ಈ ಶಸ್ತ್ರಚಿಕಿತ್ಸೆಯು ವಯಸ್ಸಾದ ಹೆಣ್ಣುಮೊಲಗಳನ್ನು ಬಹುವಾಗಿ ಕಾಡುವ ಗರ್ಭಕೋಶದ ಅರ್ಬುದದಿಂದಲೂ ರಕ್ಷಿಸುತ್ತದೆ.

ನಮ್ಮ ನಾಡಿನ ಬೇಸಗೆಯ ವಿಷಯದಲ್ಲಿ ವಿಶೇಷವಾದ ಎಚ್ಚರವು ಅವಶ್ಯಕ. ಬೆವರಲಾರದ ಮೊಲವು ಮುಖ್ಯವಾಗಿ ಕಿವಿಗಳ ರಕ್ತನಾಳಗಳ ಮೂಲಕವೇ ತಾಪವನ್ನು ಹೊರಹಾಕುತ್ತದೆ. ಉಷ್ಣಾಂಶವು 30 ಡಿಗ್ರಿ ಮೀರಿದರೆ ಸಂಕಟಪಡುತ್ತದೆ. ರಾಯಚೂರು, ಕಲಬುರಗಿಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಗೂಡನ್ನಿಡುವುದೆಂದರೆ ಮರಣಕ್ಕೆ ಒಪ್ಪಿಸಿದಂತೆಯೇ. ತಂಪಾದ ಒಳಕೋಣೆ, ಅಗಲವಾದ ಬೋಗುಣಿಯಲ್ಲಿ ನೀರು, ಅಂಗಾಲನ್ನು ಹುಣ್ಣಾಗಿಸುವ ತಂತಿಯ ಬದಲು ಚಾಪೆಯ ನೆಲ, ಹೆದರಿದಾಗ ಹೊಕ್ಕುಕೊಳ್ಳಲು ಎರಡು ಬಾಗಿಲುಗಳ ಒಂದು ರಟ್ಟಿನ ಪೆಟ್ಟಿಗೆ, ಇಷ್ಟನ್ನು ಒದಗಿಸಲು ಸಿರಿವಂತಿಕೆಯೇನೂ ಬೇಡ. ಪ್ರತಿದಿನವೂ ಹುಲ್ಲನ್ನು ನೀಡಿ, ಹಿಕ್ಕೆಗಳನ್ನು ಗಮನಿಸಿ, ಅದರ ಭಯವನ್ನು ಗೌರವಿಸುವ ತಾಳ್ಮೆಯು ಹತ್ತು ವರ್ಷಗಳ ಕಾಲ ತಮ್ಮಲ್ಲಿ ಉಳಿಯುವುದೆಂಬ ಭರವಸೆಯುಳ್ಳವರು ಮೊಲವನ್ನು ಮನೆಗೆ ತರಲಿ; ಆ ಭರವಸೆಯಿಲ್ಲದವರು ಮಕ್ಕಳ ಹಂಬಲವು ಎಷ್ಟೇ ಉತ್ಕಟವಾಗಿದ್ದರೂ ತಾರದಿರುವುದೇ ಮೊಲಕ್ಕೆ ಅವರು ತೋರಬಹುದಾದ ದಯೆ.