ತೊಟ್ಟಿಗೆ ಕತ್ತಿ ಇಡುವ ಹೊತ್ತು

ಬಳ್ಳಿಯಲ್ಲಿ ಕುಂಬಳದ ಮಿಡಿ ಕಂಡರೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೆರಾಡಿಯಂಥ ಘಟ್ಟದ ಬುಡದ ಊರುಗಳಲ್ಲಿ ಈಗಲೂ ಕೆಲವರು ಬೆರಳು ಮಡಚಿಯೇ ತೋರಿಸುತ್ತಾರೆ. ಮಿಡಿ ಕೊಳೆಯುವುದು ಹಣ್ಣುನೊಣದಿಂದ, ಇಲ್ಲವೇ ಪರಾಗಸ್ಪರ್ಶ ಸರಿಯಾಗದೆ. ಬೆರಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬೆಳೆದವಳ ಭಯ ಎಂಥದ್ದು ಎಂಬುದು ಆ ಮಾತಿನಲ್ಲಿದೆ. ಸ್ಪರ್ಧೆಗೆಂದೇ ದೈತ್ಯ ಕುಂಬಳ ಬೆಳೆಯುವವರಲ್ಲೂ ಇದೇ ಭಯ, ಸಾವಿರ ಕಿಲೋ ಲೆಕ್ಕದಲ್ಲಿ.

ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳಲ್ಲಿ ಅಕ್ಟೋಬರ್ ಬಂತೆಂದರೆ ಕುಂಬಳ ತೂಗುವ ಸ್ಪರ್ಧೆ. ಇಂದಿನ ದೈತ್ಯ ತಳಿಗೆ ಮೂಲ ಕೆನಡಾದ ರೈತ ಹೊವಾರ್ಡ್ ಡಿಲ್. 1981ರಲ್ಲಿ ಅವರ ಕಾಯಿ ಸುಮಾರು 224 ಕಿಲೋ ತೂಗಿದಾಗ ಜನ ಬೆರಗಾಗಿದ್ದರು. 2023ರಲ್ಲಿ ಅಮೆರಿಕದ ಟ್ರಾವಿಸ್ ಗೀಂಜರ್ ಬೆಳೆದದ್ದು 1,247 ಕಿಲೋ. 2025ರಲ್ಲಿ ಇಂಗ್ಲೆಂಡಿನ ಅವಳಿ ಸೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಅದನ್ನೂ ಮೀರಿ 1,278 ಕಿಲೋ ದಾಟಿಸಿದರು. ನಮ್ಮ ಹಟ್ಟಿಯ ಎರಡು ದೊಡ್ಡ ಎಚ್‌ಎಫ್ ದನಗಳನ್ನು ಒಟ್ಟಿಗೆ ತೂಗಿದರೂ ಅಷ್ಟು ಬರುವುದು ಕಷ್ಟ.

ಅದನ್ನು ಸಾಕುವ ರೀತಿಯೂ ಕರು ಸಾಕಿದ ಹಾಗೆಯೇ. ಬೆಳಿಗ್ಗೆ ಹೂ ಅರಳುವ ಹೊತ್ತಿಗೆ ಹೋಗಿ ಗಂಡುಹೂವಿನ ಪರಾಗವನ್ನು ಕೈಯಿಂದಲೇ ಹೆಣ್ಣುಹೂವಿಗೆ ಮುಟ್ಟಿಸುತ್ತಾರೆ. ಬಳ್ಳಿಗೆ ಒಂದೇ ಕಾಯಿ ಉಳಿಸಿ ಉಳಿದ ಮಿಡಿಗಳನ್ನೆಲ್ಲ ಚಿವುಟುತ್ತಾರೆ. ಬಿಸಿಲಿಗೆ ಸಿಪ್ಪೆ ಗಟ್ಟಿಯಾಗದಂತೆ ಮೇಲೆ ಬಟ್ಟೆಯ ನೆರಳು. ಭರದಿಂದ ಬೆಳೆಯುವ ದಿನಗಳಲ್ಲಿ ಕಾಯಿ ಒಂದೇ ದಿನಕ್ಕೆ ಇಪ್ಪತ್ತು ಕಿಲೋ ಏರುವುದುಂಟು. ಎತ್ತಿ ತೂಗಲಾಗದ್ದರಿಂದ ಟೇಪು ಸುತ್ತಿ ಅಳೆದು ತೂಕ ಅಂದಾಜು ಮಾಡುತ್ತಾರೆ. ದನದ ಎದೆಸುತ್ತಳತೆ ನೋಡಿ ತೂಕ ಹೇಳುವ ಹಾಗೆ. ಹೆಸರನ್ನೂ ಇಡುತ್ತಾರೆ. ನಾವು ಗೌರಿ, ಗಂಗೆ ಎಂದು ಕರೆದರೆ ಗೀಂಜರ್ ತನ್ನ 2023ರ ಕಾಯಿಯನ್ನು ಕರೆದದ್ದು ಮೈಕೆಲ್ ಜೋರ್ಡಾನ್ ಎಂದು, ಬಾಸ್ಕೆಟ್‌ಬಾಲ್ ಆಟಗಾರನ ಹೆಸರಿನಿಂದ!

ಇಷ್ಟೆಲ್ಲ ಆದ ಮೇಲೆ ಒಂದು ದಿನ ತೊಟ್ಟು ಕತ್ತರಿಸಬೇಕು. ಗೆಲ್ಲುವ ಆಸೆಗಿಂತ ದೊಡ್ಡ ಸಂಕಟ ಇರುವುದು ಅಲ್ಲಿ. ತೊಟ್ಟು ಬಳ್ಳಿಗೆ ಅಂಟಿಕೊಂಡಿರುವ ತನಕ ನಾಳೆ ಇನ್ನೊಂದು ಕಿಲೋ ಏರೀತು ಎಂಬ ಆಸೆ. ಕತ್ತರಿಸಿದ ಗಳಿಗೆಯಿಂದ ಕಾಯಿ ನೀರು ಕಳೆದುಕೊಳ್ಳುತ್ತದೆ, ತೂಕ ಇಳಿಯುವುದೊಂದೇ ಬಾಕಿ. ಆದ್ದರಿಂದ ಎಷ್ಟು ತಡ ಮಾಡಲು ಸಾಧ್ಯವೋ ಅಷ್ಟು ತಡ ಮಾಡುತ್ತಾರೆ. ಆಮೇಲೆ ಸುತ್ತ ಪಟ್ಟಿ ಬಿಗಿದು ಯಂತ್ರದಿಂದ ಎತ್ತುವಾಗ ಯಾರ ಬಾಯಲ್ಲೂ ಮಾತಿರುವುದಿಲ್ಲ. ತಳ ಕೊಳೆತಿದೆಯೇ, ಎಲ್ಲಾದರೂ ಬಿರಿದಿದೆಯೇ ಎಂದು ತಿಳಿಯುವುದು ಎತ್ತಿದ ಮೇಲೆಯೇ. ಒಳಗಿನ ಪೊಳ್ಳಿನ ತನಕ ಬಿರುಕು ಹೋಗಿದ್ದರೆ ಸ್ಪರ್ಧೆಯಿಂದಲೇ ಹೊರಗೆ. 2021ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸುಮಾರು 1,143 ಕಿಲೋ ತೂಗಿದ ಕಾಯಿಯೊಂದು ಉಗುರಿನಷ್ಟು ಬಿರುಕಿನಿಂದ ಅನರ್ಹವಾಯಿತು.

ಗೆದ್ದವರಿಗೂ ಮರುದಿನ ತೋಟಕ್ಕೆ ಹೋದರೆ ಕಾಣುವುದು ಬರೀ ಬಳ್ಳಿ, ಕಾಯಿ ಕೂತಿದ್ದ ಜಾಗದ ತಗ್ಗು. ಕರು ಮಾರಿದ ಮರುದಿನ ಹಟ್ಟಿಯ ಖಾಲಿ ಗೂಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಲು ಕರೆಯುವ ಹೊತ್ತಿಗೆ ಕೈ ತಾನಾಗಿ ಆ ಕಡೆ ಹೋಗುತ್ತದೆ.

ನಮ್ಮಲ್ಲಿ ಇನ್ನೊಂದು ವಿಚಾರ ಇದೆ. ಇಡೀ ಕುಂಬಳಕ್ಕೆ ಮೊದಲ ಕತ್ತಿ ಹೆಂಗಸರು ಹಾಕಬಾರದು, ಗಂಡಸರು ಒಡೆದು ಕೊಟ್ಟ ಮೇಲೆ ಹೆಚ್ಚಬೇಕು ಎಂಬ ಪದ್ಧತಿ ಹಲವು ಮನೆಗಳಲ್ಲಿದೆ. ಕುಂಬಳವನ್ನು ಹಿರಿಮಗನಂತೆ ಎಣಿಸುವ ನಂಬಿಕೆ ದೇಶದ ಬೇರೆ ಕಡೆಯೂ ಉಂಟು. ಬೀಜ ಊರಿದವಳು, ಹಟ್ಟಿಗೊಬ್ಬರ ಹೊತ್ತವಳು, ಗಂಟಿ ಬೇಲಿ ದಾಟದಂತೆ ಕಾದವಳು ಅವಳೇ. ಕತ್ತಿ ಮಾತ್ರ ಬೇರೆಯವರ ಕೈಯಲ್ಲಿ. ಸಾಕಿದವಳ ಕರುಳು ನೋಯದಿರಲಿ ಎಂದು ಮಾಡಿದ್ದೆಂದು ಕೆಲವರು ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕರುಳು ನೋಯುವುದು ಹೇಗೂ ತಪ್ಪುವುದಿಲ್ಲ, ಕೊಯ್ಯುವ ದಿನ ಯಾವುದೆಂದು ಗೊತ್ತಿರುವುದೂ ಅವಳಿಗೇ: ತೊಟ್ಟು ಒಣಗಿ ಗಟ್ಟಿಯಾಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಎರಡು ಬೆರಳಷ್ಟು ತೊಟ್ಟು ಬಿಟ್ಟು ಕೊಯ್ದರೆ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಸ್ಪರ್ಧೆ ಮುಗಿದ ದೈತ್ಯ ಕುಂಬಳಗಳಿಂದ ಮೊದಲು ಬೀಜ ತೆಗೆದಿಡುತ್ತಾರೆ. ಒಳ್ಳೆಯ ಕಾಯಿಯ ಬೀಜಕ್ಕೆ ಬೆಳೆಗಾರರ ನಡುವೆ ಬಲು ಬೇಡಿಕೆ. ತಿರುಳು ಎಷ್ಟೋ ಕಡೆ ದನಗಳಿಗೆ ಮೇವಾಗುತ್ತದೆ. ನಮ್ಮಲ್ಲೂ ಗಾಯವಾದ, ಅಟ್ಟಕ್ಕೇರದ ಕುಂಬಳವನ್ನು ದನಕ್ಕೆ ಕೊಡಬಹುದು. ಆದರೆ ಕೊಳೆತ ಭಾಗ ತೆಗೆದು, ಸಣ್ಣಗೆ ಹೆಚ್ಚಿ, ಒಣಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪವೇ ಕೊಡಿ. ದೊಡ್ಡ ತುಂಡು ಗಂಟಲಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಉಬ್ಬರಿಸಿ ಜೀವಕ್ಕೇ ಅಪಾಯ. ಹಾಗಾದರೆ ಕೂಡಲೇ ಪಶುವೈದ್ಯರನ್ನು ಕರೆಯಿರಿ.